ತೂಕ ಇಳಿಸುವ ಆಪರೇಷನ್ ಆದವರು ಸಿಟಿ ಸ್ಕ್ಯಾನ್ ಮಾಡಿಸಬಾರದೇ? ವಾಟ್ಸಾಪ್ ವಾಯ್ಸ್ ಮೆಸೇಜ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು

ದರ್ಬೆಯ ಓದುಗರೊಬ್ಬರು ನಮಗೆ ಒಂದು ವಾಯ್ಸ್ ಮೆಸೇಜ್ ಫಾರ್ವರ್ಡ್ ಮಾಡಿದ್ದರು. ಅದರ ಕೆಳಗೆ ಅವರದ್ದೇ ಪ್ರಶ್ನೆ: “ಇದು ಹೌದಾ? ನಮ್ಮ ಅತ್ತಿಗೆಗೆ ಮಂಗಳೂರಲ್ಲಿ ತೂಕ ಕಡಿಮೆ ಮಾಡುವ ಆಪರೇಷನ್ ಆಗಿ ಎರಡು ವರ್ಷ ಆಯ್ತು. ಈಗ ಒಂದು ವಾರದಿಂದ ಊಟ ಆದ ಮೇಲೆ ಹೊಟ್ಟೆನೋವು ಬಂದು ಹೋಗಿ ಮಾಡ್ತಾ ಉಂಟು. ಪುತ್ತೂರಲ್ಲಿ ಸ್ಕ್ಯಾನಿಂಗ್ ಮಾಡಿಸಿದ್ದೇವೆ, ನಾರ್ಮಲ್ ಅಂತ ಬಂತು. ಡಾಕ್ಟ್ರು ಸಿಟಿ ಮಾಡಿಸಿ ಅಂದಿದ್ದಾರೆ. ಈ ಮೆಸೇಜ್ ಕೇಳಿದ ಮೇಲೆ ಮನೆಯಲ್ಲಿ ಯಾರೂ ಒಪ್ತಾ ಇಲ್ಲ.”

ನಾವು ವೈದ್ಯರಲ್ಲ. ಆದ್ದರಿಂದ ಮೊದಲು ಕಳಿಸಿದ ಉತ್ತರ ಒಂದೇ ಸಾಲಿನದು: ನಮ್ಮ ಲೇಖನಕ್ಕೆ ಕಾಯಬೇಡಿ, ಆಪರೇಷನ್ ಮಾಡಿದ ಡಾಕ್ಟರಿಗೆ ಈಗಲೇ ಫೋನ್ ಮಾಡಿ.

ಆಮೇಲೆ ಆ ವಾಯ್ಸ್ ಮೆಸೇಜನ್ನು ಕೂತು ಕೇಳಿದೆವು. ಎರಡು ನಿಮಿಷವೂ ಇಲ್ಲ. ದನಿ ತುಂಬಾ ವಿಶ್ವಾಸದ್ದು. ಜೊತೆಗೆ ತೀರಿಹೋದ ಕಿರುತೆರೆ ನಟಿಯೊಬ್ಬರ ಫೋಟೊ. ಅದರಲ್ಲಿ ಹೇಳಿದ್ದು ಮುಖ್ಯವಾಗಿ ನಾಲ್ಕು ಮಾತು. ಆಪರೇಷನ್ ಆಗಿ ವರ್ಷ ದಾಟಿದರೆ ಅಪಾಯ ಕಳೆಯಿತು, ಆಮೇಲೆ ಬರುವ ಹೊಟ್ಟೆನೋವು ಬರೀ ಗ್ಯಾಸ್. ಸಾದಾ ಸ್ಕ್ಯಾನಿಂಗ್ ಸರಿ ಇದ್ದರೆ ಸಿಟಿ ಕೇಳುವುದು ದುಡ್ಡು ಹೊಡೆಯಲಿಕ್ಕೆ. ಸಿಟಿಗೆ ಚುಚ್ಚುವ ‘ಡೈ’ ಕಿಡ್ನಿ ತೆಗೆಯುತ್ತದೆ, ಮೀನು-ಸಿಗಡಿ ಅಲರ್ಜಿ ಇದ್ದವರ ಜೀವವನ್ನೇ ತೆಗೆಯುತ್ತದೆ. ಹೊಟ್ಟೆಯಲ್ಲಿ ಪಿನ್ ಇರುವುದರಿಂದ ಎಂಆರ್‌ಐ ಹತ್ತಿರವೂ ಹೋಗಬಾರದು.

ಇದರಲ್ಲಿ ಕೆಲವು ಪೂರ್ತಿ ಸುಳ್ಳು. ಕೆಲವಕ್ಕೆ ಒಂದು ಎಳೆ ನಿಜದ ಆಧಾರ ಇದೆ. ಆದರೆ ನಮಗೆ ಹೆಚ್ಚು ಭಯ ಹುಟ್ಟಿಸಿದ್ದು ಮೊದಲನೆಯ ಮಾತು. ಯಾಕೆಂದರೆ ದರ್ಬೆಯ ಆ ಮನೆಯವರು ನಂಬಿ ಕೂತಿದ್ದು ಅದನ್ನೇ.

ಫೋಟೊದಲ್ಲಿದ್ದ ನಟಿಗೆ ಆದದ್ದು ಬೇರೆ ಆಪರೇಷನ್

ಮೊದಲು ಫೋಟೊದ ವಿಷಯ ಮುಗಿಸೋಣ. ಅದು ಚೇತನಾ ರಾಜ್ ಅವರದು. ‘ಗೀತಾ’, ‘ದೊರೆಸಾನಿ’ ಧಾರಾವಾಹಿಗಳಲ್ಲಿ ನಟಿಸಿದ್ದವರು. 2022ರ ಮೇ 16ರಂದು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ಅದೇ ದಿನ ತೀರಿಕೊಂಡರು. ಆಗ ವಯಸ್ಸು 21. ನಿರ್ಲಕ್ಷ್ಯವೇ ಕಾರಣ ಎಂದು ತಂದೆ-ತಾಯಿ ದೂರಿದರು. ಆ ವಾರ ಕನ್ನಡ ಚಾನೆಲ್‌ಗಳಲ್ಲಿ ಇದೇ ಸುದ್ದಿ.

ಆದರೆ ಅದು ಸೌಂದರ್ಯಕ್ಕಾಗಿ ಮಾಡುವ ಚಿಕಿತ್ಸೆ. ಅಂಥದ್ದರಲ್ಲಿ ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುತ್ತಾರೆ. ಜಠರವನ್ನಾಗಲಿ ಕರುಳನ್ನಾಗಲಿ ಮುಟ್ಟುವುದಿಲ್ಲ. ನಾವು ಇಲ್ಲಿ ಮಾತಾಡುತ್ತಿರುವುದು ಬೇರಿಯಾಟ್ರಿಕ್ ಸರ್ಜರಿಯ ಬಗ್ಗೆ. ಅದು ಅತಿಯಾದ ತೂಕಕ್ಕೆ, ಅದರ ಜೊತೆಗೆ ಬರುವ ಸಕ್ಕರೆ ಕಾಯಿಲೆಗೆ ಮಾಡುವ ಚಿಕಿತ್ಸೆ. ಎರಡರ ಅಪಾಯವೂ ಬೇರೆ, ಅದನ್ನು ಪತ್ತೆ ಮಾಡುವ ದಾರಿಯೂ ಬೇರೆ. ಫಾರ್ವರ್ಡ್ ಮಾಡುವವರಿಗೆ ಎರಡೂ ‘ತೂಕದ ಆಪರೇಷನ್’, ಅಷ್ಟೇ.

ಹಾಗೆಂದು ಬೇರಿಯಾಟ್ರಿಕ್ ಸರ್ಜರಿಯಲ್ಲಿ ಸಾವೇ ಆಗುವುದಿಲ್ಲ ಎಂದಲ್ಲ. 2024ರ ಏಪ್ರಿಲ್‌ನಲ್ಲಿ ಪುದುಚೇರಿಯ 26 ವರ್ಷದ ಯುವಕನೊಬ್ಬ ಇದೇ ಶಸ್ತ್ರಚಿಕಿತ್ಸೆಗೆಂದು ಚೆನ್ನೈಗೆ ಹೋಗಿ ಪ್ರಾಣ ಕಳೆದುಕೊಂಡ. ಆದರೆ ಒಟ್ಟು ಲೆಕ್ಕ ನೋಡಿದರೆ ಅಪಾಯದ ಪ್ರಮಾಣ ಸಣ್ಣದು. 2009ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು 4,776 ಜನರನ್ನು ಗಮನಿಸಿತ್ತು. 30 ದಿನಗಳೊಳಗೆ ತೀರಿಕೊಂಡವರು ಶೇ. 0.3, ಅಂದರೆ ಸಾವಿರಕ್ಕೆ ಮೂವರು. ಹಾಗಾಗಿ ಪ್ರಶ್ನೆ ಆಪರೇಷನ್ ಬೇಕೋ ಬೇಡವೋ ಎಂಬುದಲ್ಲ. ಆಗಿ ಹೋಗಿದೆ, ಈಗ ನೋವು ಬಂದಿದೆ. ಮುಂದೇನು?

ಒಳಗೆ ನಕ್ಷೆಯೇ ಬದಲಾಗಿರುತ್ತದೆ

ಹೆಚ್ಚು ನಡೆಯುವುದು ಎರಡು ಬಗೆಯ ಆಪರೇಷನ್.

ಒಂದು ಸ್ಲೀವ್. ಸಂಚಿಯ ಹಾಗಿರುವ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಕತ್ತರಿಸಿದ ಅಂಚನ್ನು ಸಣ್ಣ ಲೋಹದ ಪಿನ್ನುಗಳ ಸಾಲಿನಿಂದ ಮುಚ್ಚುತ್ತಾರೆ. ಕರುಳನ್ನು ಮುಟ್ಟುವುದಿಲ್ಲ.

ಇನ್ನೊಂದು ಬೈಪಾಸ್. ಹೃದಯದ ಬೈಪಾಸ್ ಅಲ್ಲ, ಹೊಟ್ಟೆಯದು. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ಕೆಳಗಿನಿಂದ ಎತ್ತಿ ತಂದು ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಹೊಟ್ಟೆಯಲ್ಲೇ ಇರುತ್ತದೆ, ಆದರೆ ಊಟ ಅದರೊಳಗೆ ಹೋಗುವುದಿಲ್ಲ. ಅದರ ರಸ ಕೆಳಗೆ ಇನ್ನೊಂದು ಜೋಡಣೆಯಲ್ಲಿ ಊಟವನ್ನು ಸೇರಿಕೊಳ್ಳುತ್ತದೆ. ಭಾರತದಲ್ಲಿ ಒಂದೇ ಜೋಡಣೆಯ ‘ಮಿನಿ ಬೈಪಾಸ್’ ಕೂಡ ಸಾಕಷ್ಟು ನಡೆಯುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣ ಇದೆ. ಸ್ಕ್ಯಾನ್ ನೋಡುವ ರೇಡಿಯಾಲಜಿಸ್ಟ್‌ಗೆ ಯಾವ ಆಪರೇಷನ್ ಆಗಿದೆ ಎಂದು ಗೊತ್ತಿಲ್ಲದಿದ್ದರೆ, ಅವರು ಹಳೆಯ ನಕ್ಷೆ ಹಿಡಿದು ಹೊಸ ಊರಲ್ಲಿ ಮನೆ ಹುಡುಕಿದ ಹಾಗೆ. ಊಟ ಹೋಗದ ಆ ಹಳೆಯ ಜಠರ ಉಬ್ಬಿಕೊಂಡಿದ್ದರೆ ಅದನ್ನು ಕೀವಿನ ಚೀಲ ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ‘ಹೊಟ್ಟೆ ಆಪರೇಷನ್ ಆಗಿದೆ’ ಎಂದು ಹೇಳಿದರೆ ಸಾಲದು. ಸ್ಲೀವ್, ಬೈಪಾಸ್, ಮಿನಿ ಬೈಪಾಸ್ – ಇವುಗಳಲ್ಲಿ ಯಾವುದು ಎಂಬುದು ಬೇಕು. ನಮ್ಮ ಮನೆಗಳಲ್ಲಿ ಈ ಆಪರೇಷನ್ ಆದದ್ದನ್ನು ಗುಟ್ಟಾಗಿ ಇಡುವವರೂ ಇದ್ದಾರೆ. ‘ವಾಕಿಂಗ್ ಮಾಡಿ ತೂಕ ಇಳಿಸಿದೆ’ ಎಂದು ನೆಂಟರಿಗೆ ಹೇಳಿದರೆ ಯಾರಿಗೂ ನಷ್ಟವಿಲ್ಲ. ಕ್ಯಾಶುವಾಲ್ಟಿಯ ಡಾಕ್ಟರಿಗೂ ಅದನ್ನೇ ಹೇಳಿದರೆ ಕಷ್ಟ.

ಮೊದಲ ಎರಡು ವಾರ: ಸೋರಿಕೆ

ಆಪರೇಷನ್ ಆದ ಎರಡು-ಮೂರು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಪಿನ್ನುಗಳ ಸಾಲಿನಲ್ಲೋ ಜೋಡಣೆಯಲ್ಲೋ ಸೋರಿಕೆ ಆದರೆ ಅದು ಹಲವು ಸಲ ಗೊತ್ತಾಗುವುದು ಮನೆಗೆ ಬಂದ ಮೇಲೆಯೇ. ಸ್ಲೀವ್‌ನಲ್ಲಿ ಇದು ಹೆಚ್ಚಾಗಿ ಜಠರದ ಮೇಲ್ತುದಿಯಲ್ಲಿ, ಅನ್ನನಾಳ ಸೇರುವ ಜಾಗದ ಬಳಿ ಆಗುತ್ತದೆ.

ಸೋರಿಕೆ ಎಂದರೆ ತಡೆಯಲಾರದ ಹೊಟ್ಟೆನೋವು, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿ ಎಂದುಕೊಳ್ಳುತ್ತೇವೆ. ದಪ್ಪ ಇರುವವರಲ್ಲಿ ಹಾಗೇ ಆಗಬೇಕೆಂದಿಲ್ಲ. ಹಲವರಲ್ಲಿ ಮೊದಲು ಕಾಣುವುದು ಎದೆಬಡಿತ ಜೋರಾಗುವುದು. ಸುಮ್ಮನೆ ಕೂತಿರುವಾಗಲೇ ನಾಡಿ ನಿಮಿಷಕ್ಕೆ 120 ದಾಟಿದರೆ ಸರ್ಜನ್‌ಗಳು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಜೊತೆಗೆ ಜ್ವರ, ಎಡಭುಜದಲ್ಲಿ ನೋವು, ಏದುಸಿರು, ಏನೋ ಸರಿ ಇಲ್ಲ ಎನ್ನುವ ಕಳವಳ ಇರಬಹುದು. ಕೈಯಲ್ಲಿ ಕಟ್ಟಿಕೊಳ್ಳುವ ಫಿಟ್‌ನೆಸ್ ಬ್ಯಾಂಡ್ ಬಗ್ಗೆ ನಮಗೆ ದೊಡ್ಡ ಮೋಹ ಇಲ್ಲ, ಆದರೆ ಈ ಎರಡು ವಾರ ಅದೂ ಉಪಯೋಗಕ್ಕೆ ಬಂದೀತು.

ಸೋರಿಕೆಯ ಸಂಶಯ ಬಂದಾಗ ಮಾಡುವುದು ಸಿಟಿ ಸ್ಕ್ಯಾನ್. ಕುಡಿಯಲು ಒಂದಿಷ್ಟು ಕಾಂಟ್ರಾಸ್ಟ್ ದ್ರವ ಕೊಡುತ್ತಾರೆ, ನರದ ಮೂಲಕವೂ ಕಾಂಟ್ರಾಸ್ಟ್ ಕೊಡುತ್ತಾರೆ. ಕುಡಿದ ದ್ರವ ಜಠರದ ಹೊರಗೆ ಕಂಡರೆ ಸೋರಿಕೆ ಖಚಿತ. ದ್ರವ ಕಾಣದಿದ್ದರೂ ಹೊರಗೆ ಗಾಳಿಯ ಗುಳ್ಳೆ, ನೀರು ಅಥವಾ ಕೀವು ತುಂಬಿದ ಜಾಗ, ಎಡಗಡೆ ಶ್ವಾಸಕೋಶದ ಸುತ್ತ ನೀರು ಕಂಡರೆ ಅದೂ ಸುಳಿವೇ. ಕೆಲವು ಕಡೆ ದ್ರವ ಕುಡಿಸುತ್ತಾ ನಿಲ್ಲಿಸಿ ಎಕ್ಸ್‌ರೇ ತೆಗೆಯುವ ಪರೀಕ್ಷೆಯನ್ನೂ ಮಾಡುತ್ತಾರೆ. ಸೋರಿಕೆಯ ಸಂಶಯ ಇದ್ದಾಗ ಬೇರಿಯಂ ಕೊಡುವುದಿಲ್ಲ, ನೀರಿನಲ್ಲಿ ಕರಗುವ ದ್ರವ ಕೊಡುತ್ತಾರೆ. ಬೇರಿಯಂ ಹೊಟ್ಟೆಯೊಳಗೆ ಸೋರಿದರೆ ಅದರಿಂದಲೇ ಉರಿಯೂತ ಆಗುತ್ತದೆ.

ಇನ್ನೊಂದು ವಿಷಯ. ಹೊಟ್ಟೆಯ ಸಿಟಿಗೆ ಸಾಮಾನ್ಯವಾಗಿ ಒಂದು ಲೀಟರ್‌ನಷ್ಟು ದ್ರವ ಕುಡಿಸುವ ರೂಢಿ ಹಲವೆಡೆ ಇದೆ. ಆಗತಾನೇ ಜಠರ ಕಿರಿದು ಮಾಡಿಸಿಕೊಂಡವರಿಗೆ ಅಷ್ಟು ಕುಡಿಯಲು ಆಗುವುದಿಲ್ಲ, ಅದರ ಅಗತ್ಯವೂ ಇಲ್ಲ. ಸ್ಕ್ಯಾನ್‌ಗೆ ಸ್ವಲ್ಪ ಮೊದಲು ಒಂದು ಸಣ್ಣ ಲೋಟದಷ್ಟು, ಗುಟುಕು ಗುಟುಕಾಗಿ ಸಾಕಾಗುತ್ತದೆ. ‘ಪೂರ್ತಿ ಕುಡಿಯಲೇಬೇಕು’ ಎಂದರೆ ಆಪರೇಷನ್ ವಿಷಯ ತಿಳಿಸಿ.

ಸಿಟಿಯಲ್ಲಿ ಏನೂ ಕಾಣದಿದ್ದರೂ ರೋಗಿ ಸುಧಾರಿಸುತ್ತಿಲ್ಲ ಎಂದಾದರೆ ಸರ್ಜನ್ ಮತ್ತೆ ಕ್ಯಾಮೆರಾ ಹಾಕಿ ಒಳಗೆ ನೋಡುವುದುಂಟು. ‘ರಿಪೋರ್ಟ್ ನಾರ್ಮಲ್, ಆದರೂ ಹೊಟ್ಟೆ ತೆರೆದರು’ ಎಂಬ ಸಿಟ್ಟು ಮನೆಯವರಿಗೆ ಬರುವುದು ಸಹಜ. ಆದರೆ ಇಲ್ಲಿ ರಿಪೋರ್ಟ್‌ಗಿಂತ ರೋಗಿ ದೊಡ್ಡವ.

ಇದೇ ಮೊದಲ ದಿನಗಳ ಇನ್ನೊಂದು ಅಪಾಯ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು. ಇದನ್ನು ಹುಡುಕುವುದೂ ಸಿಟಿಯೇ, ಎದೆಯ ಸಿಟಿ ಆಂಜಿಯೋಗ್ರಾಂ. ಅಪರೂಪಕ್ಕೆ ಕರುಳಿನಿಂದ ಲಿವರ್‌ಗೆ ಹೋಗುವ ರಕ್ತನಾಳದಲ್ಲೂ ಹೆಪ್ಪುಗಟ್ಟುತ್ತದೆ, ಸ್ಲೀವ್ ಆದವರಲ್ಲಿ ಇದನ್ನು ಕಂಡಿದ್ದಾರೆ. ಡಿಸ್ಚಾರ್ಜ್ ಆಗುವಾಗ ಕೊಟ್ಟ ಹೆಪ್ಪು ತಡೆಯುವ ಇಂಜೆಕ್ಷನ್‌ಗಳನ್ನು ‘ಈಗ ಆರಾಮ ಇದ್ದೇನಲ್ಲ’ ಎಂದು ನಡುವೆ ಬಿಡಬೇಡಿ.

‘ವರ್ಷ ದಾಟಿತು, ಇನ್ನೇನಿಲ್ಲ’ – ಸುಳ್ಳು

ಈಗ ದರ್ಬೆಯ ಅತ್ತಿಗೆಯ ವಿಷಯಕ್ಕೆ ಬರೋಣ. ಅವರಿಗೆ ಆಗಿದ್ದು ಬೈಪಾಸ್.

ನಮ್ಮ ಕರುಳು ಹೊಟ್ಟೆಯಲ್ಲಿ ಸುಮ್ಮನೆ ಸುರುಳಿ ಸುತ್ತಿ ಬಿದ್ದಿರುವುದಿಲ್ಲ. ಸೀರೆಯ ನೆರಿಗೆಗೆ ಅಂಚು ಇರುವ ಹಾಗೆ, ಅದಕ್ಕೆ ಬೆನ್ನಿನ ಕಡೆಯಿಂದ ಒಂದು ತೆಳುವಾದ ಪರದೆ ಅಂಟಿರುತ್ತದೆ. ರಕ್ತನಾಳಗಳು ಹೋಗುವುದು ಅದರೊಳಗೆ. ಕರುಳನ್ನು ಎತ್ತಿ ಜೋಡಿಸಿದಾಗ ಈ ಪರದೆಗಳ ನಡುವೆ ಕಿಂಡಿಗಳು ಉಂಟಾಗುತ್ತವೆ. ಇವುಗಳಲ್ಲಿ ಒಂದಕ್ಕೆ ಜರ್ಮನಿಯ ಸರ್ಜನ್ ಪೀಟರ್ಸನ್ ಅವರ ಹೆಸರಿದೆ. ಬೇರಿಯಾಟ್ರಿಕ್ ಸರ್ಜರಿ ಹುಟ್ಟುವುದಕ್ಕಿಂತ ಬಹಳ ಮೊದಲೇ, 1900ರಲ್ಲಿ, ಬೇರೆ ಹೊಟ್ಟೆ ಆಪರೇಷನ್ ಆದವರಲ್ಲಿ ಅವರು ಇದನ್ನು ವಿವರಿಸಿದ್ದರು.

ಆಪರೇಷನ್ ಆದ ಹೊಸದರಲ್ಲಿ ಪರದೆಯ ತುಂಬಾ ಕೊಬ್ಬು ಇರುತ್ತದೆ, ಕಿಂಡಿ ಬಿಗಿಯಾಗಿರುತ್ತದೆ. ಮುಂದೆ ತೂಕ ಇಳಿಯುತ್ತದೆ. ಮೂವತ್ತು ಕಿಲೋ, ನಲವತ್ತು ಕಿಲೋ. ಹೊರಗಿನ ಕೊಬ್ಬು ಇಳಿದ ಹಾಗೆ ಒಳಗಿನ ಪರದೆಯ ಕೊಬ್ಬೂ ಇಳಿಯುತ್ತದೆ. ಕಿಂಡಿ ಅಗಲವಾಗುತ್ತದೆ. ಅಂದರೆ ಆಪರೇಷನ್ ಚೆನ್ನಾಗಿ ಫಲಿಸಿದ್ದರಿಂದಲೇ ಅಪಾಯದ ಬಾಗಿಲು ತೆರೆಯುತ್ತದೆ. ಒಂದು ದಿನ ಕರುಳಿನ ಒಂದು ಭಾಗ ಆ ಕಿಂಡಿಯೊಳಗೆ ಜಾರುತ್ತದೆ. ಇದನ್ನು ಇಂಟರ್ನಲ್ ಹರ್ನಿಯಾ ಎನ್ನುತ್ತಾರೆ. ಹೊರಗೆ ಗಂಟು ಕಾಣುವ ಹರ್ನಿಯಾ ಅಲ್ಲ. ಕನ್ನಡಿಯ ಮುಂದೆ ನಿಂತರೆ ಏನೂ ಗೊತ್ತಾಗುವುದಿಲ್ಲ.

ಜಾರಿದ ಕರುಳು ಕೆಲವೊಮ್ಮೆ ತಾನೇ ವಾಪಸ್ ಬರುತ್ತದೆ. ಆದ್ದರಿಂದಲೇ ನೋವು ‘ಬಂದು ಹೋಗಿ’ ಮಾಡುತ್ತದೆ. ಊಟದ ನಂತರ ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದ ಹಾಗೆ ನೋವು, ಬೆನ್ನಿಗೂ ಹರಡಬಹುದು, ಅರ್ಧ-ಒಂದು ಗಂಟೆಯಲ್ಲಿ ಮಾಯ. ಮನೆಯಲ್ಲಿ ಓಮದ ಕಷಾಯ, ಜೀರಿಗೆ ನೀರು ಕೊಟ್ಟಿರುತ್ತಾರೆ. ನೋವು ಹೋಯಿತು, ಹಾಗಾದರೆ ಗ್ಯಾಸೇ! ಕಷಾಯಕ್ಕೆ ಹೆಸರು ಬರುತ್ತದೆ. ಹೀಗೆ ನಾಲ್ಕು ಸಲ ಆದ ಮೇಲೆ ಐದನೆಯ ಸಲ ಕರುಳು ವಾಪಸ್ ಬಾರದೆ ತಿರುಚಿಕೊಂಡರೆ ಅದಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಕರುಳು ಸಾಯಲು ಕೆಲವೇ ಗಂಟೆ ಸಾಕು.

ಇದು ತೀರಾ ಅಪರೂಪವೂ ಅಲ್ಲ. ಸ್ವೀಡನ್ನಿನ 12 ಆಸ್ಪತ್ರೆಗಳಲ್ಲಿ 2,507 ಬೈಪಾಸ್ ರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕಿಂಡಿಗಳನ್ನು ಹೊಲಿಗೆ ಹಾಕಿ ಮುಚ್ಚದೆ ಬಿಟ್ಟವರಲ್ಲಿ ಮೂರು ವರ್ಷದೊಳಗೆ ಶೇ. 10.2ರಷ್ಟು ಜನರಿಗೆ ಕರುಳು ಕಟ್ಟಿಕೊಂಡು ಮತ್ತೆ ಆಪರೇಷನ್ ಬೇಕಾಯಿತು. ಮುಚ್ಚಿದವರಲ್ಲಿ ಅದು ಶೇ. 5.5. ಕಡಿಮೆ ಆಯಿತು, ಆದರೆ ಸೊನ್ನೆ ಆಗಲಿಲ್ಲ. ಹಾಗಾಗಿ ‘ನಮ್ಮ ಡಾಕ್ಟ್ರು ಹೊಲಿಗೆ ಹಾಕಿದ್ದಾರೆ’ ಎಂಬುದು ಸಮಾಧಾನ, ಗ್ಯಾರಂಟಿ ಅಲ್ಲ. ಸ್ಲೀವ್ ಆದವರಿಗೆ ಈ ಭಯ ಇಲ್ಲ, ಅವರ ಕರುಳಿನ ದಾರಿಯನ್ನು ಬದಲಿಸಿರುವುದಿಲ್ಲ.

ಸಿಟಿಯಲ್ಲಿ ಇದು ಹೇಗೆ ಕಾಣುತ್ತದೆ? ಮಳೆಗಾಲದಲ್ಲಿ ಉಪ್ಪಿನಂಗಡಿಯ ಸಂಗಮದಲ್ಲಿ ನೇತ್ರಾವತಿಗೆ ಕುಮಾರಧಾರಾ ಸೇರುವಲ್ಲಿ ನೀರು ಸುಳಿ ತಿರುಗುವುದನ್ನು ನೋಡಿದವರಿಗೆ ವಿವರಿಸುವುದು ಸುಲಭ. ಪರದೆಯ ಕೊಬ್ಬು ಮತ್ತು ರಕ್ತನಾಳಗಳು ಒಂದು ಕೇಂದ್ರದ ಸುತ್ತ ಹಾಗೇ ಸುತ್ತಿಕೊಂಡಿರುತ್ತವೆ. ವೈದ್ಯರೂ ಇದನ್ನು ‘ಸುಳಿ’ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಜೊತೆಗೆ ಕರುಳಿನ ಸುರುಳಿಗಳೆಲ್ಲ ಎಡಮೇಲ್ಭಾಗದಲ್ಲಿ ಗುಂಪುಗೂಡಿರಬಹುದು, ರಕ್ತನಾಳಗಳು ಉಬ್ಬಿರಬಹುದು. ನೋವು ಇರುವಾಗಲೇ ಸಿಟಿ ಮಾಡಿದರೆ ಸಿಕ್ಕುವ ಸಾಧ್ಯತೆ ಹೆಚ್ಚು. ಕರುಳು ವಾಪಸ್ ಬಂದಿದ್ದರೆ ಸಿಟಿಯೂ ನಾರ್ಮಲ್ ಇರಬಹುದು. ಆಗಲೂ ಅನುಭವಿ ಸರ್ಜನ್ ನೋವಿನ ಕತೆ ಕೇಳಿಯೇ ಕೀಹೋಲ್ ಆಪರೇಷನ್‌ಗೆ ನಿರ್ಧರಿಸುವುದುಂಟು.

ಬೈಪಾಸ್ ಆದ ಮೇಲೆ ಗರ್ಭಿಣಿಯಾದವರು ಇದನ್ನು ಎರಡು ಸಲ ಓದಬೇಕು. ತೂಕ ಇಳಿದ ಮೇಲೆ ಗರ್ಭ ನಿಲ್ಲುವುದು ಹಲವರಿಗೆ ಸುಲಭವಾಗುತ್ತದೆ. ಬೆಳೆಯುವ ಗರ್ಭಕೋಶ ಕರುಳನ್ನು ಮೇಲಕ್ಕೆ ತಳ್ಳುವುದರಿಂದ ಕೊನೆಯ ತಿಂಗಳುಗಳಲ್ಲಿ ಒಳಗಿನ ಹರ್ನಿಯಾದ ಅಪಾಯ ಜಾಸ್ತಿ. ಆ ನೋವನ್ನು ‘ಬಸುರಿನ ನೋವು’ ಎಂದು ಬಿಡುವುದು ಸುಲಭ. ಹೆರಿಗೆ ಡಾಕ್ಟರಿಗೂ ಬೈಪಾಸ್ ವಿಷಯ ಗೊತ್ತಿರಬೇಕು. ಆಗ ಎಂಆರ್‌ಐ ಮಾಡಬಹುದು. ತುರ್ತು ಇದ್ದರೆ ಗರ್ಭಿಣಿಗೂ ಸಿಟಿ ಮಾಡುತ್ತಾರೆ. ತಾಯಿಯ ಕರುಳು ಕೊಳೆತರೆ ಮಗುವಿಗೆ ಆಗುವ ಹಾನಿಯ ಮುಂದೆ ಸ್ಕ್ಯಾನ್‌ನ ವಿಕಿರಣ ತೀರಾ ಚಿಕ್ಕದು.

ದರ್ಬೆಯ ಆ ಓದುಗರು ಮೂರು ದಿನ ಬಿಟ್ಟು ಮತ್ತೆ ಬರೆದರು. ಮಂಗಳೂರಿಗೆ ಹೋಗಿ ಸಿಟಿ ಮಾಡಿಸಿದ್ದರು. ಸುಳಿ ಕಂಡಿತ್ತು. ಅವತ್ತೇ ರಾತ್ರಿ ಆಪರೇಷನ್. ಕರುಳು ಕಪ್ಪಾಗಿರಲಿಲ್ಲ, ಬಿಡಿಸಿ ಸರಿ ಮಾಡಿ ಕಿಂಡಿಗೆ ಹೊಲಿಗೆ ಹಾಕಿದರಂತೆ. “ಅಣ್ಣನಿಗೆ ಆ ವಾಯ್ಸ್ ಮೆಸೇಜ್ ಕಳಿಸಿದ್ದು ನಾನೇ” ಎಂದೂ ಬರೆದಿದ್ದರು. ಅದಕ್ಕೆ ಏನು ಉತ್ತರ ಕೊಡಬೇಕೆಂದು ನಮಗೂ ತೋಚಲಿಲ್ಲ.

‘ಸ್ಕ್ಯಾನಿಂಗ್ ನಾರ್ಮಲ್ ಉಂಟಲ್ಲ?’

ನಮ್ಮ ಕಡೆ ‘ಸ್ಕ್ಯಾನಿಂಗ್’ ಎಂದರೆ ಅಲ್ಟ್ರಾಸೌಂಡ್. ಹೊಟ್ಟೆಗೆ ಜೆಲ್ ಹಚ್ಚಿ ನೋಡುವುದು. ಬಹಳ ಒಳ್ಳೆಯ ಪರೀಕ್ಷೆ, ವಿಕಿರಣ ಇಲ್ಲ, ಖರ್ಚೂ ಕಡಿಮೆ. ಆದರೆ ಅದು ಕೆಲಸ ಮಾಡುವುದು ಶಬ್ದದ ಅಲೆಗಳಿಂದ. ಆ ಅಲೆ ಗಾಳಿಯನ್ನು ದಾಟುವುದಿಲ್ಲ, ದಪ್ಪ ಕೊಬ್ಬಿನ ಪದರದಲ್ಲಿ ಬಲ ಕಳೆದುಕೊಳ್ಳುತ್ತದೆ. ಕರುಳು ಗಾಳಿ ತುಂಬಿದ ಕೊಳವೆ. ಹಾಗಾಗಿ ಸೋರಿಕೆ, ಒಳಗಿನ ಹರ್ನಿಯಾ ಹುಡುಕುವುದಕ್ಕೆ ಅಲ್ಟ್ರಾಸೌಂಡ್ ನಂಬುವಂಥದ್ದಲ್ಲ. ‘ನಾರ್ಮಲ್’ ಎಂದರೆ ‘ಈ ಕಿಟಕಿಯಿಂದ ಕಾಣುವಷ್ಟರಲ್ಲಿ ನಾರ್ಮಲ್’ ಎಂದರ್ಥ.

ಅಲ್ಟ್ರಾಸೌಂಡ್ ನಿಜಕ್ಕೂ ಗೆಲ್ಲುವುದು ಪಿತ್ತಕೋಶದ ಕಲ್ಲಿನ ವಿಷಯದಲ್ಲಿ. ತೂಕ ಬೇಗ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದು ಸಾಮಾನ್ಯ, ಅದಕ್ಕೇ ಕೆಲವರಿಗೆ ಮೊದಲ ಆರು ತಿಂಗಳು ಮಾತ್ರೆ ಕೊಡುತ್ತಾರೆ. ಇಲ್ಲಿ ಒಂದು ತೊಡಕಿದೆ. ಬೈಪಾಸ್ ಆದ ಒಬ್ಬರಿಗೆ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿತು ಎನ್ನೋಣ. ‘ನೋವಿಗೆ ಕಾರಣ ಸಿಕ್ಕಿತು’ ಎಂದು ಎಲ್ಲರೂ ನಿರಾಳ. ಆದರೆ ಕಲ್ಲೂ ಇದ್ದು ಒಳಗೆ ಹರ್ನಿಯಾವೂ ಇರಬಹುದು.

ಬೈಪಾಸ್‌ನ ಜೋಡಣೆಯಲ್ಲಿ ಆಗುವ ಹುಣ್ಣನ್ನು ನೋಡಲು ಎಂಡೋಸ್ಕೋಪಿ ಬೇಕು. ಬೀಡಿ-ಸಿಗರೇಟು ಮತ್ತು ಮೆಡಿಕಲ್‌ನಿಂದ ಕೇಳಿ ತರುವ ನೋವಿನ ಮಾತ್ರೆಗಳು ಈ ಹುಣ್ಣಿಗೆ ದೊಡ್ಡ ಕಾರಣ. ಮೊಣಕಾಲು ನೋವಿಗೆ ಡೈಕ್ಲೊಫೆನಾಕ್ ನುಂಗುವ ಅಭ್ಯಾಸ ಬೈಪಾಸ್ ಆದ ದಿನಕ್ಕೇ ಮುಗಿಯಬೇಕು. ಹುಣ್ಣು ತೂತಾದರೆ ಮತ್ತೆ ಸಿಟಿ.

ಸಿಗಡಿ, ಕಿಡ್ನಿ, ವಿಕಿರಣ

ಕರಾವಳಿಯಲ್ಲಿ ಸಿಗಡಿಯ ಮಾತು ಬೇಗ ಹರಡುತ್ತದೆ. ‘ಸಿಗಡಿಯಲ್ಲಿ ಅಯೋಡಿನ್ ಇದೆ, ಡೈನಲ್ಲೂ ಅಯೋಡಿನ್ ಇದೆ, ಆದ್ದರಿಂದ ಒಂದಕ್ಕೆ ಅಲರ್ಜಿ ಇದ್ದರೆ ಇನ್ನೊಂದಕ್ಕೂ’ ಎಂಬುದು ತರ್ಕ. ಕೇಳಲು ಸರಿ ಅನಿಸುತ್ತದೆ, ಕೆಲವು ವೈದ್ಯರೂ ಹಿಂದೆ ಹೀಗೇ ನಂಬಿದ್ದರು. ಆದರೆ ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣ ಅದರ ಮಾಂಸದಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೊಟೀನ್, ಅಯೋಡಿನ್ ಅಲ್ಲ. ಅಯೋಡಿನ್‌ಗೇ ಅಲರ್ಜಿ ಆಗುವುದಾದರೆ ಅಡುಗೆ ಉಪ್ಪನ್ನೂ ತಿನ್ನುವಂತಿರಲಿಲ್ಲ. ನಿಜಕ್ಕೂ ಹೇಳಬೇಕಾದದ್ದು, ಹಿಂದೆ ಇದೇ ಕಾಂಟ್ರಾಸ್ಟ್ ಇಂಜೆಕ್ಷನ್‌ನಿಂದ ಮೈಯಲ್ಲಿ ದದ್ದು, ಉಸಿರುಗಟ್ಟುವುದು ಆಗಿತ್ತೇ ಎಂಬುದು. ಗಂಭೀರ ಪ್ರತಿಕ್ರಿಯೆ 10,000 ಜನರಲ್ಲಿ ಸುಮಾರು 4 ಮಂದಿಗೆ ಆಗಬಹುದು. ಅದಕ್ಕೆ ಬೇಕಾದ ಔಷಧ ಸ್ಕ್ಯಾನ್ ಕೋಣೆಯಲ್ಲಿ ಇಟ್ಟುಕೊಂಡಿರುತ್ತಾರೆ. ಇಂಜೆಕ್ಷನ್ ಹೋಗುವಾಗ ಮೈ ಬಿಸಿಯಾಗುವುದು, ಮೂತ್ರ ಹೋದ ಹಾಗೆ ಅನಿಸುವುದು ಅಲರ್ಜಿ ಅಲ್ಲ.

ಕಿಡ್ನಿಯ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಕಿಡ್ನಿ ಮೊದಲೇ ತುಂಬಾ ಸೋತಿದ್ದರೆ ಕಾಂಟ್ರಾಸ್ಟ್‌ನಿಂದ ಇನ್ನಷ್ಟು ತೊಂದರೆ ಆಗಬಹುದು. ಅದಕ್ಕೇ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡುತ್ತಾರೆ. ಕಿಡ್ನಿ ಸರಿ ಇರುವವರಲ್ಲಿ ಈ ಅಪಾಯ ಹಿಂದೆ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಎಂಬುದು ಈಚಿನ ಅಭಿಪ್ರಾಯ. ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಮೊದಲೇ ತಿಳಿಸಿ, ಕಿಡ್ನಿ ಸೋತವರಿಗೆ ಅದನ್ನು ಎರಡು ದಿನ ನಿಲ್ಲಿಸಲು ಹೇಳುತ್ತಾರೆ.

ವಿಕಿರಣ? ಹೊಟ್ಟೆಯ ಒಂದು ಸಿಟಿಯಿಂದ ಸುಮಾರು 8ರಿಂದ 10 ಮಿಲಿಸೀವರ್ಟ್. ನಾವು ಏನೂ ಮಾಡದೆ ಕೂತರೂ ನೆಲ, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಮೊನಜೈಟ್ ಮರಳಿರುವ ನಮ್ಮ ಉಳ್ಳಾಲದ ಕಡಲತೀರದಂಥ ಜಾಗದಲ್ಲಿ ನೆಲದ ವಿಕಿರಣ ಇನ್ನೂ ಹೆಚ್ಚು. ಅಂದರೆ ಒಂದು ಸಿಟಿ ಎಂದರೆ ಮೂರು-ನಾಲ್ಕು ವರ್ಷದ ಸಹಜ ವಿಕಿರಣ ಒಮ್ಮೆಗೇ. ಇದು ಸೊನ್ನೆ ಅಲ್ಲ. ಆದ್ದರಿಂದ ‘ಒಂದು ಸಲ ನೋಡಿಬಿಡುವ’ ಎಂದು ಸುಮ್ಮನೆ ಸಿಟಿ ಮಾಡಿಸಬಾರದು. ಆರಾಮ ಇರುವ ಎಲ್ಲರಿಗೂ ವರ್ಷಕ್ಕೊಂದು ಸಿಟಿ ಬೇಕೆಂದು ಯಾರಾದರೂ ಪ್ಯಾಕೇಜ್ ಮಾರಿದರೆ ನಾವಂತೂ ಪ್ರಶ್ನೆ ಕೇಳುತ್ತೇವೆ. ನೋವಿನಿಂದ ಮುದುಡಿ ಕೂತವರ ವಿಷಯ ಅದಲ್ಲ.

ಪಿನ್ ಇದ್ದರೆ ಎಂಆರ್‌ಐ ಬೇಡವೇ?

ಜಠರದ ಪಿನ್ನುಗಳು ಸಾಮಾನ್ಯವಾಗಿ ಟೈಟಾನಿಯಂನವು. ಟೈಟಾನಿಯಂ ಕಬ್ಬಿಣದ ಹಾಗೆ ಅಯಸ್ಕಾಂತಕ್ಕೆ ಎಳೆಯಲ್ಪಡುವುದಿಲ್ಲ. ಎಂಆರ್‌ಐ ಫಾರಂನಲ್ಲಿ ತಪ್ಪದೆ ಬರೆಯಿರಿ, ಅಲ್ಲಿಯವರು ಖಚಿತಪಡಿಸಿಕೊಳ್ಳುತ್ತಾರೆ. ಪಿನ್ ಇದೆ ಎಂಬ ಒಂದೇ ಕಾರಣಕ್ಕೆ ಎಂಆರ್‌ಐ ತಪ್ಪಿಸಬೇಕಿಲ್ಲ. ಈ ಮಾತು ಮುಖ್ಯವಾಗುವುದು ಒಂದು ಕಡೆ, ಅದೂ ಹೊಟ್ಟೆಗಲ್ಲ, ಮೆದುಳಿಗೆ.

ಆಪರೇಷನ್ ಆದ ಮೇಲೆ ವಾರಗಟ್ಟಲೆ ವಾಂತಿ ಆಗುತ್ತಿದ್ದರೆ ದೇಹದಲ್ಲಿ ವಿಟಮಿನ್ ಬಿ1 ಖಾಲಿಯಾಗುತ್ತದೆ. ಆಗ ನೋಟ ಎರಡೆರಡಾಗುವುದು, ನಡೆದರೆ ಓಲಾಡುವುದು, ಮಾತು ತಪ್ಪುವುದು ಶುರುವಾಗಬಹುದು. ಇದಕ್ಕೆ ವರ್ನಿಕೆ ಎಂಬ ಹೆಸರಿದೆ. ಎಂಆರ್‌ಐನಲ್ಲಿ ಮೆದುಳಿನ ಆಳದ ಕೆಲವು ಜಾಗಗಳು ಬೆಳ್ಳಗೆ ಕಾಣುತ್ತವೆ, ಕೆಲವೊಮ್ಮೆ ಏನೂ ಕಾಣುವುದಿಲ್ಲ. ಸಂಶಯ ಬಂದರೆ ಸ್ಕ್ಯಾನ್‌ಗೆ ಕಾಯದೆ ಬಿ1 ಇಂಜೆಕ್ಷನ್ ಕೊಡಬೇಕು. ಸುಸ್ತು ಎಂದರೆ ಹತ್ತಿರದ ಕ್ಲಿನಿಕ್‌ಗೆ ಹೋಗಿ ‘ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಎನ್ನುವುದು ನಮ್ಮಲ್ಲಿ ರೂಢಿ. ಬಿ1 ಇಲ್ಲದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಇರುವ ಚೂರು ಬಿ1 ಕೂಡ ಅದನ್ನು ಉರಿಸಲು ಖರ್ಚಾಗಿ ಮೆದುಳಿಗೆ ಹಾನಿ ಹೆಚ್ಚಾಗುತ್ತದೆ. ಹಾಗಾಗಿ ಡ್ರಿಪ್‌ಗೆ ಮೊದಲು ‘ನನಗೆ ಬೇರಿಯಾಟ್ರಿಕ್ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ, ಬಿ1 ಬೇಕಾ?’ ಎಂದು ಕೇಳಿ. ವಾಂತಿಯ ಕಾರಣ ಹುಡುಕಲು, ಉದಾಹರಣೆಗೆ ಸ್ಲೀವ್‌ನ ಕೊಳವೆ ನಡುವೆ ಕಿರಿದಾಗಿದೆಯೇ ಎಂದು ನೋಡಲು, ದ್ರವ ಕುಡಿಸಿ ತೆಗೆಯುವ ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇವೆ.

ಆಪರೇಷನ್ ಬದಲು ಹೊಟ್ಟೆಯಲ್ಲಿ ಬಲೂನ್ ಇಡಿಸಿಕೊಂಡವರಿಗೆ ಒಂದು ಮಾತು. ಕೆಲವು ಬಲೂನುಗಳಿಗೆ ನೀಲಿ ಬಣ್ಣ ಬೆರೆಸಿದ ನೀರು ತುಂಬಿರುತ್ತಾರೆ. ಒಂದು ದಿನ ಮೂತ್ರ ನೀಲಿಯಾಗಿಯೋ ಹಸಿರಾಗಿಯೋ ಹೋದರೆ ಬಲೂನ್ ಒಡೆದಿದೆ ಎಂದರ್ಥ. ಅದು ಕರುಳಿಗೆ ಇಳಿದು ಸಿಕ್ಕಿಕೊಳ್ಳುವ ಮೊದಲು ಆಸ್ಪತ್ರೆಗೆ ಹೊರಡಿ.

ದರ್ಬೆಯಿಂದ ಎಲ್ಲಿಗೆ, ಏನು ಹಿಡಿದುಕೊಂಡು?

ಪುತ್ತೂರಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಇನ್ನೊಂದು ಕಡೆ ಸುಳ್ಯದಲ್ಲಿ ಕೆವಿಜಿ ವೈದ್ಯಕೀಯ ಕಾಲೇಜು ಇದೆ. ಕಡಬ, ಸುಬ್ರಹ್ಮಣ್ಯ ಕಡೆಯವರಿಗೆ ದಾರಿ ಇನ್ನೂ ಉದ್ದ, ಮಳೆಗಾಲದಲ್ಲಿ ಕೇಳುವುದೇ ಬೇಡ. ಆದ್ದರಿಂದ ನೋವು ಸಣ್ಣದಿರುವಾಗಲೇ ಫೋನ್ ಮಾಡಿ, ಎಲ್ಲಿಗೆ ಬರಬೇಕು, ಅಲ್ಲಿ ಈಗ ಸಿಟಿ ಆಗುತ್ತದೆಯೇ ಎಂದು ಆಪರೇಷನ್ ಮಾಡಿದ ತಂಡವನ್ನೇ ಕೇಳುವುದು ಒಳ್ಳೆಯದು. ತೂಕ ಇನ್ನೂ ಬಹಳ ಇರುವವರು ಅದನ್ನೂ ಹೇಳಿ. ಸಿಟಿಯ ಮೇಜು ಇಷ್ಟೇ ಕಿಲೋ ಹೊರುತ್ತದೆ ಎಂಬ ಮಿತಿ ಪ್ರತಿ ಯಂತ್ರಕ್ಕೂ ಇದೆ, ಬಹಳಷ್ಟರಲ್ಲಿ ಅದು 200 ಕಿಲೋದ ಆಸುಪಾಸು. ಹೊರಲಾಗದಷ್ಟು ನೋವು, ಏದುಸಿರು, ತಲೆಸುತ್ತಿ ಬೀಳುವುದು ಇದ್ದರೆ ಫೋನಿನಲ್ಲಿ ಚರ್ಚೆ ಬೇಡ, 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ಡಿಸ್ಚಾರ್ಜ್ ಸಮ್ಮರಿಯ ಫೋಟೊ ಫೋನಿನಲ್ಲಿರಲಿ. ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ. ಅದು ಸಿಗದಿದ್ದರೆ ಕೆಳಗಿನ ನಾಲ್ಕು ಸಾಲು ನಕಲು ಮಾಡಿ, ಖಾಲಿ ಜಾಗ ತುಂಬಿ, ನಿಮಗೆ ನೀವೇ ವಾಟ್ಸಾಪ್ ಮಾಡಿ ಇಟ್ಟುಕೊಳ್ಳಿ. ಆಪರೇಷನ್ ಆದ ಬಂಧುಗಳಿದ್ದರೆ ಅವರಿಗೂ ಕಳಿಸಿ.

“ನನಗೆ ____ ರಲ್ಲಿ ಸ್ಲೀವ್ / ಬೈಪಾಸ್ / ಮಿನಿ ಬೈಪಾಸ್ ಆಗಿದೆ. ಮಾಡಿದ ಆಸ್ಪತ್ರೆ, ಡಾಕ್ಟರ್, ಫೋನ್: ____.
ಆಗ ತೂಕ ____ ಕಿಲೋ, ಈಗ ____ ಕಿಲೋ.
ತೆಗೆದುಕೊಳ್ಳುವ ಔಷಧ: ____. ಕಾಂಟ್ರಾಸ್ಟ್ ಇಂಜೆಕ್ಷನ್‌ಗೆ ಹಿಂದೆ ಅಲರ್ಜಿ: ಆಗಿದೆ / ಇಲ್ಲ.
ಹೊಟ್ಟೆನೋವು ಬಂದರೆ ನನ್ನ ಸರ್ಜನ್ ಜೊತೆ ದಯವಿಟ್ಟು ಮಾತಾಡಿ. ಸೋರಿಕೆ ಅಥವಾ ಇಂಟರ್ನಲ್ ಹರ್ನಿಯಾ ಇರಬಹುದೇ ನೋಡಿ.”